ಏಳು ಗೆರೆ ಇಳಿದ ಮನೆ

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತಮೂರು ವರ್ಷ ಮೀಟರ್ ಓದಿ ನಿವೃತ್ತರಾದ ಒಬ್ಬರು, ತಮ್ಮ ಸ್ವಂತ ಮನೆ ಭೂಮಿಯೊಳಗೆ ಇಳಿಯುತ್ತಿದೆ ಎಂದು ನಗರಸಭೆಗೆ ತಾವೇ ಲಿಖಿತ ದೂರು ಕೊಟ್ಟ ಪ್ರಕರಣದ ಬಗ್ಗೆ ಬಡಾವಣೆಯಲ್ಲಿ ಈಗಲೂ ನಾಲ್ಕೈದು ಬಗೆಯ ಕಥೆಗಳಿವೆ. ಮನೆ ಕಿಟಕಿಯವರೆಗೆ ಹೂತುಹೋಗಿತ್ತು ಎನ್ನುವುದು ಸುಳ್ಳು. ನಡುಮನೆಯಲ್ಲಿ ಬಾಂಬ್ ಇತ್ತು ಎನ್ನುವುದೂ ಸುಳ್ಳು. ನಡುಮನೆಯಲ್ಲಿ ಇದ್ದದ್ದು ಯುದ್ಧವಿಮಾನದ ಐದು ಮೀಟರ್‌ಗಳು ಮತ್ತು ನಾಲ್ಕು ಹೊಲಿಗೆ ಯಂತ್ರಗಳು. ನಡೆದದ್ದು ಹೀಗೆ.

ಆ ಹಿರಿಯರನ್ನು ಬೀದಿಯವರೆಲ್ಲ ಕರೆಯುವುದು ಮೀಟರ್ ಮಾಮ ಎಂದು. ಕೆಲಸದಲ್ಲಿ ಅವರಿಗೆ ಇದ್ದದ್ದು ಒಂದೇ ನಿಯಮ: ಮೀಟರ್ ತೋರಿಸಿದ್ದನ್ನು ಬರೆದುಕೊಳ್ಳುವುದು, ಮನೆಯವರು ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಎರಡನ್ನೂ ಬೆರೆಸದೆ ಇರುವುದು. "ತಿಂಗಳು ಪೂರ್ತಿ ನಾವು ಊರಲ್ಲೇ ಇರಲಿಲ್ಲ ಸ್ವಾಮಿ, ನೀರು ಹೇಗೆ ಖರ್ಚಾಯ್ತು?" ಎಂದು ಯಾರಾದರೂ ಜಗಳಕ್ಕೆ ಬಂದರೆ, "ನೀವು ಇರಲಿಲ್ಲ, ಮೀಟರ್ ಇತ್ತಲ್ಲ," ಎಂದು ಮುಂದಿನ ಮನೆಗೆ ಹೋಗುತ್ತಿದ್ದರು. ಒಮ್ಮೆ ಕೆಡವಿ ಹಾಕಿದ್ದ ಮನೆಯೊಂದರ ಇಟ್ಟಿಗೆ ರಾಶಿ ಹತ್ತಿ, ಅಡಿಯಲ್ಲಿ ಸಿಕ್ಕಿಕೊಂಡಿದ್ದ ಮೀಟರನ್ನು ಓದಿ, "ಮನೆ ಇಲ್ಲ, ರೀಡಿಂಗ್ ಇದೆ" ಎಂದು ಬರೆದುಕೊಂಡು ಬಂದದ್ದು ಕಚೇರಿಯ ಕಡತದಲ್ಲಿದೆ. ಬೀಳ್ಕೊಡುಗೆಯ ದಿನ ಮೇಲಧಿಕಾರಿಗಳು, ಇವರು ಒಂದೇ ಒಂದು ತಪ್ಪು ರೀಡಿಂಗ್ ತಂದವರಲ್ಲ ಎಂದು ಮೈಕಿನಲ್ಲಿ ಹೇಳಿದರು. ಮೀಟರ್ ಮಾಮ ಕಣ್ಣು ಒರೆಸಿಕೊಂಡರು.

ನಿವೃತ್ತಿಯ ನಂತರ ಅವರಿಗೆ ಕಷ್ಟವಾಯಿತು. ಓದಲು ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಸ್ವಂತ ಮನೆಯ ನೀರಿನ ಮೀಟರ್ ಓದಿ, ಕರೆಂಟ್ ಮೀಟರ್ ಓದಿ, ಕಾಂಪೌಂಡಿನ ಮೇಲಿಂದ ಬಗ್ಗಿ ಪಕ್ಕದ ಮನೆಯ ಮೀಟರನ್ನೂ ಓದುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು, "ಸ್ನಾನಕ್ಕೆ ಎಷ್ಟು ನೀರು ಹಾಕ್ಕೊಂಡೆ ಅನ್ನೋದೂ ಈಗ ಲೆಕ್ಕ ಆಗ್ತಿದೆ," ಎಂದು ತಗಾದೆ ತೆಗೆದ ಮೇಲೆ ಅದು ನಿಂತಿತು.

ಮನೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವರು ಅವರ ಹೆಂಡತಿ. ಬೀದಿಗೆ ಅವರು ಟೈಲರಮ್ಮ. ಹತ್ತಕ್ಕೆ ಹದಿನಾಲ್ಕು ಅಡಿಯ ನಡುಮನೆಯಲ್ಲಿ ದಿನಾ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಒಂಬತ್ತು ಜನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ನಾಲ್ವರು ಯಂತ್ರದ ಮುಂದೆ, ಮೂವರು ನೆಲದ ಮೇಲೆ ಬಟ್ಟೆ ಕತ್ತರಿಸುತ್ತ, ಒಬ್ಬಳು ಅಡುಗೆಮನೆಯ ಹೊಸ್ತಿಲಲ್ಲಿ ಗುಂಡಿ ಹಾಕುತ್ತ, ಒಬ್ಬಳು ಜಾಗವಿಲ್ಲದೆ ಮೆಟ್ಟಿಲ ಮೇಲೆ. ಮಹಡಿಯ ಮೇಲೊಂದು ಕೋಣೆ ಕಟ್ಟಬೇಕು, ತರಗತಿ ಅಲ್ಲಿ ನಡೆಯಬೇಕು ಎನ್ನುವುದು ಹನ್ನೊಂದು ವರ್ಷದ ಆಸೆ. ಈ ವರ್ಷ ಅರ್ಜಿ ನಗರಸಭೆಯಲ್ಲಿತ್ತು. ಇಂಜಿನಿಯರ್ ಬಂದು ಕಟ್ಟಡ ನೋಡಿ ಸಹಿ ಹಾಕುವುದೊಂದು ಬಾಕಿ.

ಆಗ ಬಾಮೈದನ ಫೋನ್ ಬಂತು. ಟೈಲರಮ್ಮನ ತಮ್ಮ ಗುಜರಿ ಅಂಗಡಿ ಇಟ್ಟುಕೊಂಡಿದ್ದವನು.

"ಭಾವ, ಯಾವುದೋ ಹಳೇ ಯುದ್ಧವಿಮಾನ ಒಡೆದಿದ್ದಾರೆ. ಐದು ಮೀಟರ್ ಬಂದಿದೆ. ತೂಕಕ್ಕೆ ಹಾಕೋಕೆ ಮನಸ್ಸಾಗ್ಲಿಲ್ಲ. ನಿಮಗೆ ಬೇಕಾ?"

ಮೀಟರ್ ಮಾಮ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಹೊರಟರು.

ಬೂದು ಬಣ್ಣ ಬಳಿದ ಹಲಗೆಯೊಂದಕ್ಕೆ ಐದು ಮೀಟರ್‌ಗಳನ್ನೂ ಕೂರಿಸಿ ನಡುಮನೆಯ ಗೋಡೆಗೆ ಬಿಗಿದರು. ಸುಮ್ಮನೆ ನೇತು ಹಾಕಲು ಅವರೇನು ಕ್ಯಾಲೆಂಡರ್ ಹಾಕುವವರಲ್ಲ. ಮೀಟರ್ ಎಂದ ಮೇಲೆ ಅದು ಏನನ್ನಾದರೂ ತೋರಿಸಬೇಕು. ಇಂಧನದ ಮೀಟರಿಗೆ ತಾರಸಿಯ ನೀರಿನ ಟ್ಯಾಂಕಿನಿಂದ ತಂತಿ ಎಳೆದರು. ವಿಮಾನ ವಾಲಿದರೆ ವಾಲುವ ಪುಟ್ಟ ಗೋಳಕ್ಕೆ ಮುಂಬಾಗಿಲಿನಿಂದ ದಾರ ಕಟ್ಟಿದರು. ಯಾರಾದರೂ ಬಾಗಿಲು ತೆಗೆದರೆ ಗೋಳದೊಳಗಿನ ವಿಮಾನ ಎಡಕ್ಕೆ ವಾಲುತ್ತಿತ್ತು. ವೇಗದ ಮೀಟರಿಗೆ ರಬ್ಬರ್ ಕೊಳವೆ ಸಿಕ್ಕಿಸಿ ತುದಿಯನ್ನು ಸೋಫಾದ ಪಕ್ಕಕ್ಕೆ ಬಿಟ್ಟರು. ಬಂದ ನೆಂಟರು ಅದನ್ನು ಊದಬೇಕು. ನಾದಿನಿ ಇನ್ನೂರ ಎಂಬತ್ತು ಊದಿದರು. ಅವರ ಗಂಡ ನೂರ ನಲವತ್ತಕ್ಕೇ ಸುಸ್ತಾದರು. "ಮದುವೆಯಾದ ದಿನದಿಂದ ನನಗೆ ಗೊತ್ತಿದ್ದ ವಿಷಯ," ಎಂದರು ಆ ಗಂಡ.

ನಾಲ್ಕನೆಯದು ಎಂಜಿನ್ನಿನ ಬಿಸಿ ತೋರಿಸುವ ಮೀಟರ್. ಅದರ ಉದ್ದನೆಯ ಬಾಲವನ್ನು ಅಡುಗೆಮನೆಗೆ ಹಾಯಿಸಿ ಹಾಲಿನ ಪಾತ್ರೆಯಲ್ಲಿ ಇಳಿಬಿಟ್ಟರು. ಡಯಲಿನಲ್ಲಿ ಕೆಂಪು ಗೆರೆ ಇದ್ದದ್ದು ನೂರ ಇಪ್ಪತ್ತರಲ್ಲಿ.

"ರೀ, ಹಾಲು ನೋಡ್ತಾ ಇದೀರಾ?" ಎಂದು ಟೈಲರಮ್ಮ ಯಂತ್ರದ ಮುಂದಿನಿಂದ ಕೂಗಿದರು.

"ನೋಡ್ತಾ ಇದೀನಿ. ನೂರಕ್ಕೆ ಬಂದಿದೆ. ಇನ್ನೂ ಇಪ್ಪತ್ತು ಬಾಕಿ."

"ಏನೋ ಸೀದ ವಾಸನೆ ಬರ್ತಿದೆಯಲ್ರೀ."

"ಮುಳ್ಳು ಅಲ್ಲಾಡ್ತಿಲ್ಲ ಕಣೇ. ನೂರರಲ್ಲೇ ನಿಂತಿದೆ."

ಟೈಲರಮ್ಮ ಎದ್ದು ಹೋಗಿ ನೋಡಿದಾಗ ಹಾಲು ಒಲೆಯ ಮೇಲಿತ್ತು, ಕಟ್ಟೆಯ ಮೇಲಿತ್ತು, ನೆಲದ ಮೇಲಿತ್ತು. ಪಾತ್ರೆಯಲ್ಲಿ ಮಾತ್ರ ಅಷ್ಟಾಗಿ ಇರಲಿಲ್ಲ. "ನಿಮ್ಮ ವಿಮಾನದ ಪ್ರಕಾರ ಇದು ಇನ್ನೂ ಉಕ್ಕಿಲ್ಲ, ಅಲ್ವಾ?" ಎಂದು ಕೇಳಿದರು. ಮೀಟರ್ ಮಾಮ ಡಯಲನ್ನು ಇನ್ನೊಮ್ಮೆ ನೋಡಿ, "ಇಲ್ಲ," ಎಂದರು.

ಇನ್ನು ಐದನೆಯದು. ಅದರ ಮುಖದ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳು, ಅಂಕಿ ಅಂಕಿಯ ನಡುವೆ ಹತ್ತು ಸಣ್ಣ ಗೆರೆಗಳು, ಕೆಳಗೆ ಯಾವುದೋ ಪರದೇಶದ ಲಿಪಿಯಲ್ಲಿ ಒಂದು ಅಕ್ಷರ. ಅದು ಎತ್ತರ ತೋರಿಸುವ ಮೀಟರ್ ಎಂದಷ್ಟೇ ಬಾಮೈದನಿಗೆ ತಿಳಿದಿತ್ತು. ಅದಕ್ಕೆ ತಂತಿ ಬೇಕಿರಲಿಲ್ಲ, ಕೊಳವೆ ಬೇಕಿರಲಿಲ್ಲ. ಮೂರು ದಿನದಿಂದ ಜಡಿಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮೀಟರ್ ಮಾಮ ಅದರ ತಿರುಪನ್ನು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದರು. ಮನೆ ಇರುವ ಜಾಗವೇ ಸೊನ್ನೆ. ಅದಕ್ಕಿಂತ ನ್ಯಾಯವಾದ ಲೆಕ್ಕ ಬೇರೆ ಇರಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ಮುಳ್ಳು ಸೊನ್ನೆಯಿಂದ ಒಂದು ಗೆರೆ ಹಿಂದಿತ್ತು. ಅದರ ಮಾರನೆಯ ದಿನ ಎರಡೂವರೆ. ಮಳೆ ನಿಂತಿತ್ತು, ಬಿಸಿಲು ಬಂದಿತ್ತು, ಬೀದಿಯವರೆಲ್ಲ ಬಟ್ಟೆ ಒಣಹಾಕುತ್ತ ಸಂತೋಷವಾಗಿದ್ದರು. ಮೀಟರ್ ಮಾಮ ಮಾತ್ರ ಹಳೆಯ ರೀಡಿಂಗ್ ಪುಸ್ತಕವೊಂದನ್ನು ತೆಗೆದು ಗೆರೆ ಬರೆದುಕೊಳ್ಳುತ್ತ ಕೂತರು. ಆರನೆಯ ದಿನ ಏಳು ಗೆರೆ.

ಅದೇ ದಿನ ಮುಂಬಾಗಿಲು ಚೌಕಟ್ಟಿಗೆ ಉಜ್ಜಿತು. ಮಳೆಗೆ ಮರ ಉಬ್ಬಿದರೆ ಬಾಗಿಲು ಉಜ್ಜುತ್ತದೆ ಎನ್ನುವುದು ಯಾವ ಬಡಗಿಗೂ ಗೊತ್ತು. ಆದರೆ ಮೀಟರ್ ಮಾಮನ ಮುಂದೆ ಇದ್ದದ್ದು ಬಡಗಿಯಲ್ಲ, ಮುಳ್ಳು.

ಅವರು ಕಾಂಪೌಂಡಿನ ಬಳಿ ಹೋಗಿ ಪಕ್ಕದ ಮನೆಯವರನ್ನು ಕರೆದರು. "ಮೇಷ್ಟ್ರೇ, ಯಾರಿಗೂ ಹೇಳಬೇಡಿ. ನಮ್ಮ ಮನೆ ಇಳೀತಾ ಇದೆ."

"ಎಲ್ಲಿಗೆ?"

"ಕೆಳಕ್ಕೆ. ಏಳು ಗೆರೆ."

ಹೆಡ್‌ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಂದು ಮೀಟರ್ ನೋಡಿದರು. ಎರಡೂ ಮನೆಗಳಿಗೆ ನಡುಗೋಡೆ ಒಂದೇ. ಆದ್ದರಿಂದ ಅವರ ಆಸಕ್ತಿ ಬರೀ ಪಾಂಡಿತ್ಯದ್ದಾಗಿರಲಿಲ್ಲ. "ಗೆರೆ ಅಂದ್ರೆ ಎಷ್ಟು? ಅಂಗುಲವಾ?"

"ಅಂಗುಲ ಇರಲಾರದು. ಏಳು ಅಂಗುಲ ಇಳಿದಿದ್ರೆ ಮೆಟ್ಟಿಲು ಒಂದು ಕಾಣಿಸ್ತಿರಲಿಲ್ಲ."

"ಹಾಗಾದ್ರೆ ನೂಲು. ಅಂಗುಲಕ್ಕೆ ಎಂಟು ನೂಲು. ಹೆಚ್ಚೂಕಡಿಮೆ ಒಂದು ಅಂಗುಲ ಇಳಿದಿದೆ ಅಂತಾಯ್ತು."

ಇಬ್ಬರೂ ಮೆಟ್ಟಿಲ ಹತ್ತಿರ ಹೋಗಿ ನೋಡಿದರು. ಒಂದು ಅಂಗುಲ ಇಳಿದಿರಬಹುದು ಎಂದು ಯೋಚಿಸಿ ನೋಡಿದರೆ ಯಾವ ಮೆಟ್ಟಿಲೂ ಇಳಿದ ಹಾಗೆಯೇ ಕಾಣುತ್ತದೆ. ಯಾರಿಗೂ ಹೇಳಬಾರದು ಎಂದು ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಗಿತ್ತು.

ಸಂಜೆ ನಾಲ್ಕು ಗಂಟೆಗೆ ನಡುಮನೆ ತುಂಬ ಜನ. ಎಲ್ಲರೂ ಮುಳ್ಳು ನೋಡಲು ಬಂದವರು. ನೋಡಿದರೆ ಮುಳ್ಳು ನಾಲ್ಕು ಗೆರೆಯಲ್ಲಿತ್ತು.

"ಏಳು ಅಂದ್ರಿ, ನಾಲ್ಕೇ ಇದೆಯಲ್ಲ?" ಎಂದರು ಮೂಲೆ ಅಂಗಡಿಯವರು. ಅವರ ದನಿಯಲ್ಲಿ ನಿರಾಸೆ ಇತ್ತು.

"ಈಗ ನೋಡಿದ್ದು ರೀಡಿಂಗ್ ಅಲ್ಲ," ಎಂದರು ಮೀಟರ್ ಮಾಮ. "ರೀಡಿಂಗ್ ಟೈಮ್ ಬೆಳಿಗ್ಗೆ ಹತ್ತು."

"ಅದಿರಲಿ ಮಾಮ, ಬೆಳಿಗ್ಗೆ ಇಳಿದಿದ್ದು ಸಂಜೆ ಮೇಲೆ ಬಂದಿದೆ ಅಂದ್ರೆ ಏನರ್ಥ?"

ಯಾರೋ ಹಿಂದಿನಿಂದ, "ಮನೆ ಉಸಿರಾಡ್ತಿದೆ," ಎಂದರು. ಕೂಡಲೇ ಇಬ್ಬರು ಹೊರಗೆ ಹೋಗಿ ನಿಂತರು.

ಹೆಡ್‌ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಮೂವತ್ತು ವರ್ಷ ಲೆಕ್ಕ ಕಲಿಸಿದ ಕೈ ಅದು. "ಬೆಳಿಗ್ಗೆ ಹತ್ತಕ್ಕೆ ಈ ಮನೆಗೆ ಯಾರು ಬರ್ತಾರೆ? ಒಂಬತ್ತು ಜನ ಹುಡುಗಿಯರು. ಆಗ ಮನೆ ಇಳಿಯುತ್ತೆ. ಮಧ್ಯಾಹ್ನ ಒಂದಕ್ಕೆ ಹೋಗ್ತಾರೆ. ಆಮೇಲೆ ಮನೆ ಏರುತ್ತೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?"

ಒಂಬತ್ತು ಜನರಲ್ಲಿ ಸ್ವಲ್ಪ ದುಂಡಗಿದ್ದ ಒಬ್ಬಳು ಬೆಳಿಗ್ಗೆ ಮರೆತು ಬಿಟ್ಟುಹೋಗಿದ್ದ ಟೇಪು ತೆಗೆದುಕೊಳ್ಳಲು ಅದೇ ಹೊತ್ತಿಗೆ ಬಂದಿದ್ದಳು. "ಮೇಷ್ಟ್ರು ನನ್ನನ್ನೇ ನೋಡ್ಕೊಂಡು ಹೇಳ್ತಿದ್ದಾರೆ ಅಕ್ಕ," ಎಂದು ಅಳಲು ಶುರು ಮಾಡಿದಳು.

ಟೈಲರಮ್ಮ ಕತ್ತರಿ ಕೆಳಗಿಟ್ಟರು. "ಇಪ್ಪತ್ತೆರಡು ವರ್ಷದಿಂದ ಈ ಮನೇಲಿದೀನಿ. ಇಲ್ಲಿ ಇಳಿದಿರೋದು ನಿಮ್ಮೆಲ್ಲರ ಬುದ್ಧಿ ಒಂದೇ. ನಡೀರಿ, ಜಾಗ ಬಿಡಿ, ಗುಡಿಸಬೇಕು." ಜನ ಚದುರಿದರು. ಗಂಡನ ಕಡೆ ತಿರುಗಿ, "ಇಂಜಿನಿಯರ್ ಬಂದು ನೋಡೋವರೆಗೂ ಈ ಏಳು ಗೆರೆ ವಿಷಯ ಬಾಯಿಗೆ ಬರಕೂಡದು. ಕೇಳಿಸ್ತಾ?" ಎಂದರು.

"ಕೇಳಿಸ್ತು," ಎಂದರು ಮೀಟರ್ ಮಾಮ. ಮನೆಯವರು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಅವರ ನಿಯಮದಲ್ಲೇ ಇತ್ತು.

ಮಾರನೆಯ ದಿನ ಅವರು ನಗರಸಭೆಯ ಕಿಟಕಿಯ ಮುಂದೆ ನಿಂತಿದ್ದರು. ಈ ಹೆಜ್ಜೆಗೆ ಅವರನ್ನು ಹುಂಬ ಎನ್ನುವವರಿದ್ದಾರೆ. ಅವರ ತಲೆಯಲ್ಲಿ ಓಡಿದ್ದನ್ನೂ ಹೇಳಬೇಕು. ನೆಲದ ಮೇಲೆ ಒಂಬತ್ತು ಜನ ಕೂತಾಗಲೇ ಏಳು ಗೆರೆ. ಮೇಲೊಂದು ಕೋಣೆ ಕಟ್ಟಿ ಅಲ್ಲಿ ಹೆಂಡತಿಯನ್ನೂ ಆ ಮಕ್ಕಳನ್ನೂ ಕೂರಿಸಿದರೆ? ಮೀಟರ್ ನೋಡಿಯೂ ಬರೆಯದೆ ಬಿಟ್ಟವನು ಎಂಥವನು?

"ಯಾರ ಮೇಲೆ ದೂರು?" ಎಂದು ಗುಮಾಸ್ತರು ಕೇಳಿದರು.

"ನಮ್ಮ ಮನೆ ಮೇಲೆ."

"ನಿಮ್ಮ ಮನೆ ಮೇಲೆ ಯಾರಿದ್ದಾರೆ?"

"ಮೇಲೆ ಯಾರೂ ಇಲ್ಲ. ಮನೆ ಕೆಳಗೆ ಹೋಗ್ತಿದೆ."

ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ಯಜಮಾನರೇ, ಪಕ್ಕದ ಮನೆಯವರ ಮೇಲೆ ದೂರು ಕೊಡೋಕೆ ನಾಲ್ಕು ನಮೂನೆ ಇದೆ. ಎದುರು ಮನೆಯವರ ಮೇಲೂ ಅದೇ ನಡೆಯುತ್ತೆ. ತಮ್ಮ ಮನೆ ಮೇಲೆ ತಾವೇ ಕೊಡೋರು ಇವತ್ತಿನವರೆಗೂ ಬಂದಿಲ್ಲ."

"ಹಾಗಾದ್ರೆ ಬಿಳಿ ಹಾಳೇಲಿ ಬರೀತೀನಿ."

ಬರೆದರು. ದಿನಾಂಕ, ಗಂಟೆ, ಗೆರೆ, ಎಲ್ಲವನ್ನೂ ಆರು ದಿನದ ಪಟ್ಟಿಯಾಗಿ, ಮುದ್ದಾದ ಅಂಕಿಗಳಲ್ಲಿ. ಅಷ್ಟು ಅಚ್ಚುಕಟ್ಟಾದ ದೂರನ್ನು ಕಸದ ಬುಟ್ಟಿಗೆ ಹಾಕಲು ಗುಮಾಸ್ತರಿಗೆ ಮನಸ್ಸು ಬರಲಿಲ್ಲ. ಅನಾಹುತವಾದದ್ದು ಅಲ್ಲಿಯೇ.

ಎರಡು ದಿನ ಬಿಟ್ಟು ಮುಂಬಾಗಿಲಿನ ಪಕ್ಕದಲ್ಲಿ ಕೆಂಪು ಅಕ್ಷರದ ನೋಟಿಸ್ ಅಂಟಿತು. ಕಟ್ಟಡ ಕುಸಿತದ ಶಂಕೆ ಇರುವುದರಿಂದ ಒಳಗೆ ತರಗತಿ ನಡೆಸಕೂಡದು, ಮಹಡಿಯ ಅರ್ಜಿಯನ್ನು ತಡೆಹಿಡಿಯಲಾಗಿದೆ ಎಂದಿತ್ತು. ಕೆಳಗೆ ದೂರಿನ ನಕಲು ಲಗತ್ತಿಸಲಾಗಿತ್ತು.

ಟೈಲರಮ್ಮ ಮೊದಲರ್ಧ ಓದಿ ನೇರವಾಗಿ ಪಕ್ಕದ ಮನೆಗೆ ನುಗ್ಗಿದರು. "ಮೇಷ್ಟ್ರೇ! ನಡುಗೋಡೆ ಹಂಚ್ಕೊಂಡಿದೀವಿ ಅಂತ ಮರ್ಯಾದೆ ಕೊಟ್ರೆ ಬೆನ್ನಿಗೆ ಚೂರಿ ಹಾಕ್ತೀರಾ? ಆ ಮಕ್ಕಳು ಏನು ಮಾಡಿದ್ರು ನಿಮಗೆ?"

"ಅಯ್ಯೋ ತಾಯಿ, ನಾನಲ್ಲ!" ಹೆಡ್‌ಮೇಷ್ಟ್ರು ಜೀವನದಲ್ಲಿ ಮೊದಲ ಬಾರಿಗೆ ತಪ್ಪು ಮಾಡದೆ ಸಿಕ್ಕಿಬಿದ್ದಿದ್ದರು. "ಬರೀಬೇಕು ಅಂತಿದ್ದೆ, ನಿಜ. ಆದ್ರೆ ಇನ್ನೂ ಬರ್ದಿಲ್ಲ!"

ಟೈಲರಮ್ಮ ವಾಪಸ್ ಬಂದು ದೂರಿನ ನಕಲು ನೋಡಿದರು. ನಡುವೆ ಅಡ್ಡಗೀಟು ಎಳೆದ ಏಳು. ಮದುವೆಯಾದಾಗಿನಿಂದ ಹಾಲಿನ ಚೀಟಿ, ದಿನಸಿ ಚೀಟಿಗಳಲ್ಲೆಲ್ಲ ಕಂಡ ಏಳು.

"ಈ ಏಳು ನನಗೆ ಗೊತ್ತು," ಎಂದರು.

ಒಂಬತ್ತು ಜನ ಬಂದು, ನೋಟಿಸ್ ಓದಿ, ಅರ್ಧ ಹೊಲಿದ ಬಟ್ಟೆಗಳನ್ನು ಮಡಿಸಿಕೊಂಡು ಹೋದರು. ಅದರಲ್ಲಿ ಇಬ್ಬರು, ದೊಡ್ಡ ರಸ್ತೆಯ ಇನ್ನೊಂದು ಹೊಲಿಗೆ ಶಾಲೆಗೆ ಸೇರಿದರಂತೆ ಎಂಬ ಸುದ್ದಿ ಮೂರನೆಯ ದಿನಕ್ಕೆ ಬಂತು. ನಾಲ್ಕೂ ಯಂತ್ರಗಳ ಮೇಲೆ ಬಟ್ಟೆ ಮುಚ್ಚಿದ್ದರು. ಆ ಮನೆಯಲ್ಲಿ ಅಷ್ಟು ನಿಶ್ಶಬ್ದ ಹಿಂದೆಂದೂ ಇರಲಿಲ್ಲ.

ಟೈಲರಮ್ಮ ಗಂಡನ ಜೊತೆ ಮಾತು ಬಿಟ್ಟರು. ಅಂಗಡಿ ಮುಚ್ಚಿಕೊಂಡು ಬಂದು ಕೂರುತ್ತಿದ್ದ ತಮ್ಮನ ಮೂಲಕವೇ ಸಂಸಾರ ನಡೆಯಿತು.

"ಊಟಕ್ಕೆ ಬರ್ತಾರಾ ಕೇಳೋ ಅವರನ್ನ."

"ಭಾವ, ಊಟಕ್ಕೆ ಬರ್ತೀರಾ?"

"ಬರ್ತೀನಿ ಅಂತ ಹೇಳೋ. ಹಾಗೇ, ನಾನು ಮಾಡಿದ್ದು ಅವಳ ಒಳ್ಳೇದಕ್ಕೇ ಅಂತಲೂ ಹೇಳು."

"ಅಕ್ಕ, ಬರ್ತಾರಂತೆ. ಉಳಿದಿದ್ದನ್ನ ನಾನು ಹೇಳಲ್ಲ, ನನಗೂ ಇಲ್ಲೇ ಊಟ ಆಗಬೇಕು."

ನೋಟಿಸ್ ಬಂದ ಎಂಟನೆಯ ದಿನ ಬೆಳಿಗ್ಗೆ ಇಂಜಿನಿಯರ್ ಬಂದರು. ಮೂವತ್ತು ದಾಟದ ಹೆಣ್ಣುಮಗಳು, ತಲೆಗೆ ಟೋಪಿ, ಕೈಯಲ್ಲಿ ಕಡತ. ಜೊತೆಗೆ ಬಂದ ಇಬ್ಬರು ಬೀದಿಯಲ್ಲಿ ಮೂರುಕಾಲಿನ ಸ್ಟ್ಯಾಂಡ್ ನೆಟ್ಟು ದುರ್ಬೀನಿನಂಥ ಸಾಧನ ಕೂರಿಸಿದರು. ಮೂಲೆಯ ಮೋರಿಕಟ್ಟೆಯಲ್ಲಿ ಇದ್ದ ಗುರುತಿನ ಕಲ್ಲಿಗೂ ಮನೆಯ ತಳಪಾಯಕ್ಕೂ ಎಷ್ಟು ಅಂತರ ಎಂದು ಅಳೆದರು. ಮನೆ ಕಟ್ಟಿದಾಗ ಬರೆದಿಟ್ಟಿದ್ದ ಲೆಕ್ಕದ ಜೊತೆ ಹೋಲಿಸಿದರು. ಬೀದಿಯವರೆಲ್ಲ ಸುತ್ತ ಬಂದು ನಿಂತಿದ್ದರು.

"ಒಂದು ಮಿಲಿಮೀಟರೂ ಇಳಿದಿಲ್ಲ," ಎಂದರು ಇಂಜಿನಿಯರ್.

"ಇನ್ನೊಂದು ಸಲ ಅಳೆದು ನೋಡಿ ಮೇಡಂ," ಎಂದರು ಹೆಡ್‌ಮೇಷ್ಟ್ರು. ಅಷ್ಟರಲ್ಲಿ ಅವರು ತಮ್ಮ ಮನೆಯೂ ಮೂರು ಗೆರೆ ಇಳಿದಿದೆ ಎಂದು ನೆಂಟರಿಗೆಲ್ಲ ಕಾಗದ ಬರೆದಾಗಿತ್ತು.

"ಈ ಗೆರೆ ಗೆರೆ ಅಂತ ದೂರಿನಲ್ಲೂ ಇದೆಯಲ್ಲ, ಅದೇನು ಅಳತೆ? ಎಲ್ಲಿ ಆ ಮೀಟರ್?"

ಇಂಜಿನಿಯರ್ ನಡುಮನೆಗೆ ಬಂದರು. ಬಾಗಿಲು ತೆಗೆದಾಗ ಗೋಳದೊಳಗಿನ ವಿಮಾನ ಎಡಕ್ಕೆ ವಾಲಿತು. ಅವರು ಐದನೆಯ ಡಯಲಿಗೆ ಮುಖ ಹತ್ತಿರ ಇಟ್ಟು ನೋಡಿದರು, ಮೊಬೈಲಿನಲ್ಲಿ ಫೋಟೋ ತೆಗೆದು ಏನೋ ಹುಡುಕಿದರು, ಆಮೇಲೆ ಬಹಳ ಮೆತ್ತಗೆ ಕೇಳಿದರು: "ಸರ್, ಒಂದು ಗೆರೆ ಅಂದ್ರೆ ಎಷ್ಟು ಅಂದ್ಕೊಂಡಿದ್ರಿ?"

"ಒಂದು ನೂಲು."

"ಹತ್ತು ಮೀಟರ್."

ಹೆಡ್‌ಮೇಷ್ಟ್ರು ಬೆರಳು ಮಡಿಸಿ ಎಣಿಸತೊಡಗಿದರು.

"ಏಳು ಗೆರೆ ಅಂದ್ರೆ ಎಪ್ಪತ್ತು ಮೀಟರ್, ಸರ್. ನಿಮ್ಮ ಮನೆ ಅಷ್ಟು ಇಳಿದಿದ್ರೆ ನಾನು ಬೆಲ್ ಒತ್ತೋಕೆ ಹಗ್ಗ ಹಿಡ್ಕೊಂಡು ಬಾವಿಗಿಳಿದ ಹಾಗೆ ಇಳೀಬೇಕಾಗಿತ್ತು."

ಬಾಮೈದ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಅಲ್ಲಾಡುತ್ತಿತ್ತು.

ಇಂಜಿನಿಯರ್ ಮೀಟರನ್ನು ಹಲಗೆಯಿಂದ ಬಿಚ್ಚಿಸಿ ತಾರಸಿಗೆ ಹತ್ತಿದರು. ಅಷ್ಟೂ ಜನ ಹಿಂದೆ ಹತ್ತಿದರು. ಮೇಲೆ ಹೋದಾಗ ಮುಳ್ಳು ಒಂದು ಗೆರೆಯ ಮೂರನೆಯ ಒಂದು ಭಾಗದಷ್ಟು ಮೇಲೆ ಬಂದಿತ್ತು. "ನೋಡಿ, ಚೆನ್ನಾಗೇ ಕೆಲಸ ಮಾಡ್ತಿದೆ," ಎಂದರು. "ಆದ್ರೆ ಇದು ಮನೆಯನ್ನ ಅಳೆಯಲ್ಲ. ಗಾಳಿ ಎಷ್ಟು ಒತ್ತುತ್ತೆ ಅನ್ನೋದನ್ನ ಅಳೆಯುತ್ತೆ. ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಅದರ ಮೇಲೆ ಎತ್ತರದ ಲೆಕ್ಕ. ನೀವು ಮಳೆ ಹಿಡಿದಾಗ ಸೊನ್ನೆ ಇಟ್ಟಿದೀರಿ. ಆಗ ಒತ್ತಡ ಕಡಿಮೆ ಇತ್ತು. ಬಿಸಿಲು ಬಂತು, ಒತ್ತಡ ಹೆಚ್ಚಾಯ್ತು. ಮೀಟರ್ ಪಾಪ, ವಿಮಾನ ಇಳೀತಿದೆ ಅಂದ್ಕೊಳ್ತು."

"ಬೆಳಿಗ್ಗೆ ಇಳಿದು ಸಂಜೆ ಏರ್ತಿತ್ತಲ್ಲ ಮೇಡಂ?" ಹೆಡ್‌ಮೇಷ್ಟ್ರು ಸುಲಭಕ್ಕೆ ಬಿಡುವವರಲ್ಲ.

"ಗಾಳಿಯ ಒತ್ತಡ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚಿರುತ್ತೆ, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ ಇರುತ್ತೆ."

"ಹಾಗಾದ್ರೆ ಅದು ನಾನಲ್ಲ!" ಎಂದು ಮೆಟ್ಟಿಲ ಬುಡದಿಂದ ದುಂಡಗಿನ ಶಿಷ್ಯೆಯ ದನಿ ಬಂತು. ಎಂಟು ದಿನದಿಂದ ಅವಳು ರಾತ್ರಿ ಊಟ ಬಿಟ್ಟಿದ್ದಳು ಎಂದು ಆಮೇಲೆ ತಿಳಿಯಿತು.

ಎಲ್ಲರೂ ಕೆಳಗಿಳಿದು ಬಂದರು. ಇಂಜಿನಿಯರ್ ಕಡತ ತೆರೆದರು. "ಸರಿ, ಮುಗೀತು. ದೂರುದಾರರು ಒಂದು ಸಾಲು ಬರ್ಕೊಡಬೇಕು, ದೂರು ವಾಪಸ್ ಅಂತ, ಕಾರಣ ಸಮೇತ. ‘ಮೀಟರ್ ಕೆಟ್ಟಿತ್ತು’ ಅಂತ ಬರೀರಿ. ನೋಟಿಸ್ ಕಿತ್ತು ಹಾಕ್ತೀನಿ. ಮಹಡಿ ಅರ್ಜಿಗೂ ಈಗಲೇ ಸಹಿ ಮಾಡ್ತೀನಿ."

ಮೀಟರ್ ಮಾಮ ಪೆನ್ನು ತೆಗೆದುಕೊಂಡರು. ಬರೆಯಲಿಲ್ಲ.

"ಮೀಟರ್ ಕೆಟ್ಟಿಲ್ಲವಲ್ಲ ಮೇಡಂ. ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ನೀವೇ ಈಗ ಮೇಲೆ ಹೇಳಿದ್ರಿ."

"ಅದು ಮಾತಿಗೆ ಸರ್. ಇದು ಫೈಲಿಗೆ."

"ಕೆಡದೆ ಇರೋ ಮೀಟರನ್ನ ಕೆಟ್ಟಿದೆ ಅಂತ ನಾನು ಯಾವತ್ತೂ ಬರೆದಿಲ್ಲ."

ಇಂಜಿನಿ‍ಯರ್ ಟೋಪಿ ತೆಗೆದು ಗಾಳಿ ಹಾಕಿಕೊಂಡರು. "ಕಾರಣ ಇಲ್ಲದೆ ದೂರು ವಾಪಸ್ ಆಗಲ್ಲ. ಆಗ ಇದು ತಜ್ಞರ ಸಮಿತಿಗೆ ಹೋಗುತ್ತೆ. ಆ ಸಮಿತಿ ರಚನೆ ಆಗಿ ಎರಡು ವರ್ಷ ಆಯ್ತು. ಇನ್ನೂ ಒಂದು ಸಲವೂ ಸೇರಿಲ್ಲ."

"ಬರೀರಿ ಭಾವ," ಎಂದ ಬಾಮೈದ. "ಮೀಟರ್ ಏನು ಬಂದು ಜಗಳ ಆಡುತ್ತಾ?"

"ಅದಕ್ಕೆ ಮಾನನಷ್ಟ ಆಗಲ್ಲ, ಬರೀರಿ," ಎಂದರು ಹೆಡ್‌ಮೇಷ್ಟ್ರು.

ಟೈಲರಮ್ಮ ಮುಚ್ಚಿಟ್ಟ ಯಂತ್ರವೊಂದರ ಮೇಲಿನ ಬಟ್ಟೆಯ ಸುಕ್ಕನ್ನು ಕೈಯಲ್ಲಿ ಸರಿಪಡಿಸುತ್ತಿದ್ದರು. ಒಂದು ಸುಕ್ಕು ಹೋದರೆ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ಅದನ್ನೂ ಸರಿಪಡಿಸುತ್ತಿದ್ದರು.

ಮೀಟರ್ ಮಾಮ ಅದನ್ನು ನೋಡಿದರು. ಐದು ಮೀಟರ್‌ಗಳು ಗೋಡೆಗೆ ಬಂದ ಮೇಲೆ ಅವರು ಆ ಗೋಡೆಯ ಈಚೆ ಇದ್ದದ್ದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದೇ ಸಮನೆ, ತಲೆ ಎತ್ತದೆ ಬರೆದರು. ಸಹಿ ಹಾಕಿ, ಗಂಟೆ ಹನ್ನೊಂದು ಇಪ್ಪತ್ತು ಎಂದು ನಮೂದಿಸಿ ಕೊಟ್ಟರು.

ಇಂಜಿನಿಯರ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು:

"ಮೀಟರ್ ಸರಿಯಾಗಿದೆ. ಓದಿದವನು ತಪ್ಪು. ಎಷ್ಟು ಗೆರೆ ಎಂದು ನೋಡಿದೆ, ಯಾವುದರ ಗೆರೆ ಎಂದು ಕೇಳಲಿಲ್ಲ. ಮನೆ ಇದ್ದಲ್ಲೇ ಇದೆ. ನಮ್ಮ ಮನೆಯವರು ಹೇಳಿದ್ದೇ ಸರಿ. ದೂರು ವಾಪಸ್."

ಬಾಮೈದ ನಗಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿಕೊಂಡ. ಮೂವತ್ತಮೂರು ವರ್ಷ ಮನೆ ಮನೆ ಬಾಗಿಲಲ್ಲಿ ನಿಂತು ಯಾರಿಗೂ ಕೊಡದ ಒಂದು ಮಾತನ್ನು ಆ ಮನುಷ್ಯ ಸ್ವಂತ ಕೈಯಲ್ಲಿ ಬರೆದು ಕೊಟ್ಟಿದ್ದರು. ಹೆಡ್‌ಮೇಷ್ಟ್ರು ಕೂಡ ಸುಮ್ಮನಿದ್ದರು. ಆ ದಿನದ ದಾಖಲಾರ್ಹ ಸಂಗತಿಗಳಲ್ಲಿ ಇದೂ ಒಂದು.

"‘ಕಾರಣ’ ಕಾಲಮ್ಮಿಗೆ ಸಾಕಲ್ವಾ?" ಎಂದು ಮೀಟರ್ ಮಾಮ ಕೇಳಿದರು.

"ಸಾಕು ಸರ್," ಎಂದರು ಇಂಜಿನಿಯರ್. ಮೊದಲು ನೋಟಿಸ್ ಕಿತ್ತರು, ಆಮೇಲೆ ಮಹಡಿಯ ಅರ್ಜಿಗೆ ಸಹಿ ಹಾಕಿದರು. ಹೋಗುವ ಮುಂಚೆ ಕೊಳವೆ ಊದಿ ನೋಡಿದರು. ಮುನ್ನೂರ ಹತ್ತು. ಆ ಮನೆಯಲ್ಲಿ ಅದೇ ದಾಖಲೆ.

ಮಧ್ಯಾಹ್ನದ ಊಟಕ್ಕೆ ಬಾಮೈದನ ಮೂಲಕ ಕರೆ ಬಂತು. ಮೀಟರ್ ಮಾಮ ತಲೆ ತಗ್ಗಿಸಿಕೊಂಡು ಉಂಡರು. ಊಟವಾದ ಮೇಲೆ ಟೈಲರಮ್ಮ ಕೊರಳಿಗೆ ಟೇಪು ಹಾಕಿಕೊಂಡು, ಕಿಸೆಯಲ್ಲಿ ಸೀಮೆಸುಣ್ಣ ಇಟ್ಟುಕೊಂಡು ತಾರಸಿಗೆ ಹೊರಟವರು ಮೂರನೆಯ ಮೆಟ್ಟಿಲಲ್ಲಿ ನಿಂತರು.

"ಬರ್ತೀರೋ, ಇಲ್ವೋ? ಒಂದು ತುದಿ ಹಿಡ್ಕೊಳ್ಳೋಕೆ ಜನ ಬೇಕು."

ಹೇಳಿದ್ದು ತಮ್ಮನಿಗಲ್ಲ. ತಮ್ಮ ಆಗಲೇ ಅಂಗಡಿಗೆ ಹೋಗಿಯಾಗಿತ್ತು.

ತಾರಸಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬಟ್ಟೆ ಅಳೆಯುವ ಟೇಪು ಗಿಡ್ಡವಾಗುತ್ತದೆ ಎಂದು ಗಾರೆಯವರ ಉದ್ದನೆಯ ಟೇಪನ್ನು ಟೈಲರಮ್ಮ ಮುಂಚೆಯೇ ತರಿಸಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಅಷ್ಟಾದರೂ ತಯಾರಿ ಇರುತ್ತದೆ. ಮೀಟರ್ ಮಾಮ ಟ್ಯಾಂಕಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಒಂದು ತುದಿ ಹಿಡಿದರು, ಇನ್ನೊಂದು ಕೈಯಲ್ಲಿ ಪೆನ್ಸಿಲು, ಮೊಣಕಾಲ ಮೇಲೆ ಕಾಗದ. ಟೈಲರಮ್ಮ ಟೇಪನ್ನು ಎಳೆಯುತ್ತ ಎಳೆಯುತ್ತ ಆಚೆಯ ಅಂಚಿಗೆ ಹೋಗಿ, ಬಗ್ಗಿ ನೋಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು.

"ಇಲ್ಲಿಗೆ ಗೋಡೆ. ಈ ಕಡೆ ಕಿಟಕಿ. ನಾಲ್ಕು ಮಿಷಿನ್ನೂ ಕಿಟಕಿಗೇ ಬರುತ್ತೆ," ಎಂದರು. "ನೀವೂ ಬಂದು ಒಂದು ಸಲ ನೋಡ್ತೀರಾ?"

"ಬೇಡ. ನೀನು ಓದು, ನಾನು ಬರ್ಕೊಳ್ತೀನಿ."

ಟೈಲರಮ್ಮ ಇನ್ನೊಮ್ಮೆ ಬಗ್ಗಿ ಓದಿದರು. "ಹದಿನೆಂಟು."

ಮೀಟರ್ ಮಾಮ ಕಾಗದಕ್ಕೆ ಇಟ್ಟ ಪೆನ್ಸಿಲನ್ನು ಮೇಲೆತ್ತಿದರು.

"ಹದಿನೆಂಟು ಏನು?" ಎಂದು ಕೇಳಿದರು.

ಟೈಲರಮ್ಮ ನಕ್ಕ ನಗುವಿಗೆ ಟೇಪು ಕೈಜಾರಿ, ಸರ್ರನೆ ಸುತ್ತಿಕೊಂಡು ಮೀಟರ್ ಮಾಮನ ಕೈಗೆ ಬಂತು. ಮತ್ತೆ ಮೊದಲಿನಿಂದ ಅಳೆಯಬೇಕಾಯಿತು.